ಬಿರ್ಸಾ ಮುಂಡಾ (1875–1900)

ಮುಂಡಾ ಜನಾಂಗದ ಮಹಾನ್ ನಾಯಕರಾದ ಬಿರ್ಸಾ ಮುಂಡಾ ಅವರು 1875ರ ನವೆಂಬರ್ 15ರಂದು ಛೋಟಾನಾಗ್ಪುರ ಪ್ರಸ್ಥಭೂಮಿಯ ಉಲಿಹಾತು ಗ್ರಾಮದಲ್ಲಿ ಜನಿಸಿದರು. ಈ ಗ್ರಾಮವು ಪ್ರಸ್ತುತ ಜಾರ್ಖಂಡ್ ರಾಜ್ಯದ ಖೂಂಟಿ ಜಿಲ್ಲೆಗೆ ಸೇರಿದೆ. ತಂದೆ ಸುಗನಾ ಮುಂಡಾ, ತಾಯಿ ಕರ್ಮಿ. ಬಡತನದ ನಿಮಿತ್ತ ಬಾಲ್ಯದ ಕೆಲಕಾಲವನ್ನು ಸೋದರಮಾವನ ಮನೆಯಲ್ಲಿ ಕಳೆದ ಅವರು, ಮುಂದೆ ಚಾಯಿಬಾಸಾದ ಜರ್ಮನ್ ಮಿಷನ್ ಶಾಲೆಯಲ್ಲಿ ವ್ಯಾಸಂಗ ಮಾಡಿದರು. ಮಿಷನರಿಗಳೊಂದಿಗೆ ಭಿನ್ನಾಭಿಪ್ರಾಯ ಉಂಟಾದ ಕಾರಣ ಶಾಲೆಯನ್ನು ತೊರೆದರು.

ಬಿರ್ಸಾ ಅವರ ಹೋರಾಟದ ಮೂಲವು ಭೂಮಿಯ ಪ್ರಶ್ನೆಯಲ್ಲಿದೆ. ಕಾಡು ಕಡಿದು ಊರು ಕಟ್ಟಿದ ಮೂಲ ಕುಟುಂಬದ ವಂಶಸ್ಥರೆಲ್ಲರಿಗೂ ಆ ಊರಿನ ಭೂಮಿಯು ಜಂಟಿಯಾಗಿ ಸೇರುತ್ತಿತ್ತು. ಖುಂಟ್‌ಕಟ್ಟಿ ಎಂದು ಕರೆಯಲಾಗುವ ಈ ಪದ್ಧತಿಯಲ್ಲಿ ಪಟ್ಟಾ, ಪಹಣಿಗಳಿರಲಿಲ್ಲ. ಹಿರಿಯರ ಅಸ್ಥಿಗಳ ಮೇಲೆ ಇರಿಸಿದ ಸಸನ್‌ದಿರಿ ಎಂಬ ಕಲ್ಲುಚಪ್ಪಡಿಗಳೇ ಮುಂಡಾ ಜನರಿಗೆ ಹಕ್ಕಿನ ಆಧಾರವಾಗಿದ್ದವು. ಕಾಗದಪತ್ರವನ್ನೇ ನಂಬುವ ಆಡಳಿತದ ಮುಂದೆ ಕಲ್ಲಿನ ಸಾಕ್ಷ್ಯ ನಿಲ್ಲಲಿಲ್ಲ. ಹೊರಗಿನಿಂದ ಬಂದ ಜಮೀನ್ದಾರರು, ಗುತ್ತಿಗೆದಾರರು ಹಾಗೂ ಲೇವಾದೇವಿಗಾರರು ಊರುಗಳನ್ನು ವಶಪಡಿಸಿಕೊಂಡರು. ಇವರನ್ನು ಮುಂಡಾ ಜನರು ದಿಕು ಎಂದು ಕರೆದರು. ಭೂಮಿಯ ಒಡೆಯರೇ ಗೇಣಿದಾರರಾಗಿ ಬಿಟ್ಟಿ ಚಾಕರಿ ಮಾಡಬೇಕಾಯಿತು. ಮುಂಡಾ ಸರ್ದಾರರು ದಶಕಗಳ ಕಾಲ ಸಲ್ಲಿಸಿದ ಮನವಿಗಳು ಫಲ ನೀಡಲಿಲ್ಲ.

1895ರಲ್ಲಿ ಬಿರ್ಸಾ ಅವರು ತಾವು ದೇವದೂತರೆಂದು ಸಾರಿದರು. ಏಕದೇವೋಪಾಸನೆ, ಶುಚಿತ್ವ, ಪಾನನಿಷೇಧಗಳನ್ನು ಬೋಧಿಸಿದರು. ಅವರ ದರ್ಶನಕ್ಕಾಗಿ ಚಲ್ಕಡ್ ಗ್ರಾಮಕ್ಕೆ ಜನಸಾಗರವೇ ಹರಿದುಬಂದಿತು. ಧರತಿ ಆಬಾ, ಅಂದರೆ ಭೂಮಿಯ ತಂದೆ, ಎಂಬ ಹೆಸರು ಅವರಿಗೆ ಬಂದಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸರ್ಕಾರವು ಅವರನ್ನು ಬಂಧಿಸಿತು. ಎರಡು ವರ್ಷಗಳ ಸೆರೆವಾಸ ವಿಧಿಸಲಾಯಿತು.

ಬಿಡುಗಡೆಯ ತರುವಾಯ ಬಿರ್ಸಾ ಅವರು ರಾತ್ರಿ ಸಭೆಗಳ ಮೂಲಕ ಜನರನ್ನು ಸಂಘಟಿಸಿದರು. 1899ರ ಕ್ರಿಸ್ಮಸ್ ವೇಳೆಗೆ ಉಲ್ಗುಲಾನ್, ಅಂದರೆ ಮಹಾದಂಗೆ, ಆರಂಭವಾಯಿತು. ಬಿಲ್ಲುಬಾಣಗಳನ್ನು ಹಿಡಿದವರು ಚರ್ಚು ಮತ್ತು ಪೊಲೀಸ್ ಠಾಣೆಗಳ ಮೇಲೆ ದಾಳಿ ನಡೆಸಿದರು. 1900ರ ಜನವರಿ 9ರಂದು ಸೈಲ್ ರಕಬ್ ಗುಡ್ಡದಲ್ಲಿ ಸೇರಿದ್ದವರ ಮೇಲೆ ಸೇನೆಯು ಗುಂಡು ಹಾರಿಸಿತು. ಮಡಿದವರಲ್ಲಿ ಸ್ತ್ರೀಯರೂ ಇದ್ದರು. ತಪ್ಪಿಸಿಕೊಂಡ ಬಿರ್ಸಾ ಅವರ ತಲೆಗೆ 500 ರೂಪಾಯಿ ಬಹುಮಾನ ಘೋಷಿಸಲಾಯಿತು. ಫೆಬ್ರವರಿ 3ರಂದು ಅವರು ಸೆರೆಯಾದರು. ವಿಚಾರಣೆ ಮುಗಿಯುವ ಮುನ್ನವೇ, ಜೂನ್ 9ರಂದು, ರಾಂಚಿ ಕಾರಾಗೃಹದಲ್ಲಿ ನಿಧನ ಹೊಂದಿದರು. ಕಾಲರಾ ಕಾರಣವೆಂದು ಸರ್ಕಾರ ದಾಖಲಿಸಿತು. ಅವರ ಅನುಯಾಯಿಗಳು ಅದನ್ನು ನಂಬಲಿಲ್ಲ. ಆಗ ಅವರಿಗೆ 25 ವರ್ಷ ತುಂಬಿರಲಿಲ್ಲ.

1908ರ ಛೋಟಾನಾಗ್ಪುರ ಗೇಣಿ ಕಾಯ್ದೆಯು ಖುಂಟ್‌ಕಟ್ಟಿ ಹಕ್ಕನ್ನು ಮಾನ್ಯ ಮಾಡಿ, ಆದಿವಾಸಿಗಳ ಭೂಮಿ ಪರಭಾರೆಗೆ ನಿರ್ಬಂಧ ವಿಧಿಸಿತು. ಬಿರ್ಸಾ ಅವರ ಜನ್ಮದಿನದಂದೇ, 2000ದ ನವೆಂಬರ್ 15ರಂದು, ಜಾರ್ಖಂಡ್ ರಾಜ್ಯ ಉದಯಿಸಿತು. 2021ರಿಂದ ಆ ದಿನವನ್ನು ಜನಜಾತೀಯ ಗೌರವ ದಿವಸವನ್ನಾಗಿ ಆಚರಿಸಲಾಗುತ್ತಿದೆ. 1908ರ ಕಾಯ್ದೆಯು ಜಾರ್ಖಂಡ್‌ನಲ್ಲಿ ಇಂದಿಗೂ ಜಾರಿಯಲ್ಲಿದೆ.