ಬೆಂಕಿಯಿಲ್ಲದ ಜೆಟ್: ಹೆನ್ರಿ ಕೊಆಂಡಾ

ನಮ್ಮ ದೊಡ್ಡ ಮಾಡೆಲ್ ಜೆಟ್‌ಗೆ ಇ.ಡಿ.ಎಫ್. ಆರಿಸಬೇಕಿತ್ತು. ಇ.ಡಿ.ಎಫ್. ಅಂದ್ರೆ ಎಲೆಕ್ಟ್ರಿಕ್ ಡಕ್ಟೆಡ್ ಫ್ಯಾನ್: ಕೊಳವೆಯೊಳಗೆ ಒಂದು ಫ್ಯಾನ್, ಅದನ್ನು ತಿರುಗಿಸೋಕೆ ಒಂದು ಮೋಟಾರು. ಹೊರಗಿಂದ ಜೆಟ್ ಎಂಜಿನ್ ತರಾನೇ ಕಾಣುತ್ತೆ, ಒಳಗೆ ಬೆಂಕಿ ಮಾತ್ರ ಇರಲ್ಲ. 120 ಮಿ.ಮೀ. ಫ್ಯಾನುಗಳ ಪಟ್ಟಿ ಮುಂದಿಟ್ಟುಕೊಂಡು, ಯಾವುದರ ಥ್ರಸ್ಟ್ ಜಾಸ್ತಿ ಅಂತ ನಾವೆಲ್ಲ ಜಗಳ ಆಡ್ತಿದ್ವಿ. ಪೆಟ್ಟಿಗೆ ಮೇಲೆ ಬರೆದಿದ್ದ ಸಂಖ್ಯೆಯೇ ಆಗ ನಮಗೆ ವೇದ. ಇದೇ ಐಡಿಯಾವನ್ನು ನೂರು ವರ್ಷಕ್ಕೂ ಹಿಂದೆ ನಿಜವಾದ ವಿಮಾನಕ್ಕೆ ಹಾಕಿದವರೊಬ್ಬರು ಇದ್ದರು ಅಂತ ಗೊತ್ತಾಗಿದ್ದು ಆ ಹುಡುಕಾಟದಲ್ಲೇ. ಅವರೇ ಹೆನ್ರಿ ಕೊಆಂಡಾ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದುವವರಿಗೆ ಕೊಆಂಡಾ ಎಫೆಕ್ಟ್ ಅನ್ನೋ ಹೆಸರು ಗೊತ್ತಿರುತ್ತೆ, ಮನುಷ್ಯ ಗೊತ್ತಿರಲ್ಲ.

ಕೊಆಂಡಾ ಹುಟ್ಟಿದ್ದು 1886ರ ಜೂನ್ 7ರಂದು, ರೊಮೇನಿಯಾದ ಬುಕಾರೆಸ್ಟ್‌ನಲ್ಲಿ. ತಂದೆ ಕಾನ್‌ಸ್ಟಾಂಟಿನ್ ಸೈನ್ಯದ ಅಧಿಕಾರಿ, ಗಣಿತದ ಪ್ರೊಫೆಸರ್. 1918ರಲ್ಲಿ ಕೆಲವೇ ವಾರ ದೇಶದ ಪ್ರಧಾನಿಯೂ ಆಗಿದ್ದರು. ಮಗನೂ ಫಿರಂಗಿ ದಳದ ಅಧಿಕಾರಿಯಾದ. ಆದರೆ ಮನಸ್ಸು ಇದ್ದಿದ್ದು ಹಾರೋದರ ಮೇಲೆ. ಜರ್ಮನಿ, ಬೆಲ್ಜಿಯಂ ಸುತ್ತಿ ಓದಿ, ಕೊನೆಗೆ ಪ್ಯಾರಿಸ್‌ನಲ್ಲಿ 1909ರಲ್ಲಿ ಶುರುವಾದ ಏರೋನಾಟಿಕ್ಸ್ ಕಾಲೇಜು ಸೇರಿದ. ಅದರ ಮೊದಲ ಬ್ಯಾಚಿನಲ್ಲೇ ಪಾಸಾದ.

ಅದೇ ವರ್ಷ, ಅಂದ್ರೆ 1910ರ ಅಕ್ಟೋಬರಿನಲ್ಲಿ, ಪ್ಯಾರಿಸ್‌ನ ವಿಮಾನ ಪ್ರದರ್ಶನದಲ್ಲಿ ಅವನ ವಿಮಾನ ನಿಂತಿತ್ತು. ವಯಸ್ಸು 24, ನಮ್ಮ ಫೈನಲ್ ಇಯರ್ ಸೀನಿಯರ್‌ಗಳಿಗಿಂತ ಎರಡು ಮೂರು ವರ್ಷ ದೊಡ್ಡವನು ಅಷ್ಟೇ. ಸುತ್ತ ಇದ್ದ ವಿಮಾನಗಳಿಗೆಲ್ಲ ಪ್ರೊಪೆಲ್ಲರ್, ಇದಕ್ಕೆ ಇಲ್ಲ. 50 ಅಶ್ವಶಕ್ತಿಯ ಕ್ಲರ್ಜೆ ಎಂಜಿನ್ ಒಂದು, ಮೂತಿಯ ಕವಚದೊಳಗಿದ್ದ ಕಂಪ್ರೆಸರನ್ನು ನಿಮಿಷಕ್ಕೆ 4000 ಸುತ್ತು ತಿರುಗಿಸಿ ಗಾಳಿಯನ್ನು ಹಿಂದಕ್ಕೆ ದೂಡುತ್ತಿತ್ತು. ಎಂಜಿನ್ ತೆಗೆದು ಬ್ರಷ್‌ಲೆಸ್ ಮೋಟಾರು ಇಟ್ಟರೆ ನಮ್ಮ ಇ.ಡಿ.ಎಫ್.ಗೆ ಹತ್ತಿರದ ನೆಂಟ. ಆ ವಿಮಾನಕ್ಕೆ ಹೇಳಿಕೊಂಡ ಥ್ರಸ್ಟ್ 220 ಕೆ.ಜಿ.

ಇಲ್ಲಿ ನಾವು ಲೆಕ್ಕ ಹಾಕಿ ನೋಡಿದ್ವಿ. ನಿಂತಲ್ಲೇ ಗಾಳಿ ದೂಡುವ ಡಕ್ಟೆಡ್ ಫ್ಯಾನಿಗೆ ಆದರ್ಶ ಸೂತ್ರ ಸರಳ: ಥ್ರಸ್ಟಿನ ಘನ ಅಂದ್ರೆ, 4 ಗುಣಿಸು ಪವರಿನ ವರ್ಗ ಗುಣಿಸು ಗಾಳಿಯ ಸಾಂದ್ರತೆ ಗುಣಿಸು ಗಾಳಿ ಹೊರಬೀಳುವ ಬಾಯಿಯ ವಿಸ್ತೀರ್ಣ. 50 ಅಶ್ವಶಕ್ತಿ ಸುಮಾರು 37 ಕಿಲೋವ್ಯಾಟ್. ಅದರಿಂದ 220 ಕೆ.ಜಿ. ಬರಬೇಕಾದರೆ ಬಾಯಿ ಒಂದೂವರೆ ಚದರ ಮೀಟರ್ ಇರಬೇಕು, ಅದೂ ಒಂದು ಚೂರೂ ನಷ್ಟವಾಗದೆ. ಅರ್ಧ ಪವರ್ ನಷ್ಟವಾದರೆ ನಾಲ್ಕು ಪಟ್ಟು, ಅಂದ್ರೆ 6 ಚದರ ಮೀಟರ್. ಆ ವಿಮಾನದ ಮೂತಿ ಅಷ್ಟು ದೊಡ್ಡದಿರಲಿಲ್ಲ.

ಆಮೇಲೆ ಕೊಆಂಡಾ ಇಂಗ್ಲೆಂಡಿನ ಬ್ರಿಸ್ಟಲ್ ಕಂಪನಿಗೆ ಹೋಗಿ ಮಾಮೂಲಿ ಪ್ರೊಪೆಲ್ಲರ್ ವಿಮಾನಗಳನ್ನೇ ಡಿಸೈನ್ ಮಾಡಿದರು. 1912ರ ಸೆಪ್ಟೆಂಬರ್ 10ರಂದು ಅವರ ಒಂದು ಮಾನೋಪ್ಲೇನ್ ಆಕ್ಸ್‌ಫರ್ಡ್ ಹತ್ತಿರ ಬಿದ್ದು ಇಬ್ಬರು ಅಧಿಕಾರಿಗಳು ಸತ್ತರು. ಗಾಳಿಯಲ್ಲಿದ್ದಾಗ ರೆಕ್ಕೆಯ ತಂತಿ ಹಿಡಿದಿದ್ದ ಒಂದು ಕೊಂಡಿ ಕಳಚಿಕೊಂಡಿತ್ತು. ಬ್ರಿಟಿಷ್ ಸೈನ್ಯ ಸ್ವಲ್ಪ ಕಾಲ ಮಾನೋಪ್ಲೇನುಗಳನ್ನೇ ನಿಲ್ಲಿಸಿಬಿಟ್ಟಿತು. ಒಂದು ಕೊಂಡಿ, ಎರಡು ಜೀವ. ಇದನ್ನ ಓದಿದ ದಿನ ನಾವು ನಮ್ಮ ಮಾಡೆಲ್‌ನ ಸ್ಕ್ರೂಗಳನ್ನೆಲ್ಲ ಇನ್ನೊಂದು ಸಲ ಬಿಗಿ ಮಾಡಿದ್ವಿ.

ಅವರ ಹೆಸರು ಉಳಿಸಿದ ಕೆಲಸ ಬಂದಿದ್ದು 1934ರಲ್ಲಿ. ರಭಸವಾಗಿ ಹೊರಡುವ ಗಾಳಿ ಅಥವಾ ನೀರಿನ ಧಾರೆ ಪಕ್ಕದ ಬಾಗಿದ ಮೈಗೆ ಅಂಟಿಕೊಂಡು ತಾನೂ ಬಾಗುತ್ತೆ ಅನ್ನೋದನ್ನ ಉಪಯೋಗಿಸೋ ವಿಧಾನಕ್ಕೆ ಫ್ರಾನ್ಸಿನಲ್ಲಿ ಪೇಟೆಂಟ್ ಪಡೆದರು. ಹಾಸ್ಟೆಲ್ ನಲ್ಲಿ ಕೆಳಗೆ ಚಮಚದ ಬೆನ್ನು ಹಿಡಿದು ನೋಡಿ, ನೀರು ನೇರ ಬೀಳದೆ ಚಮಚದ ಜೊತೆ ತಿರುಗುತ್ತೆ. ಅವರು ತೀರಿಕೊಂಡ ಮೇಲೆ, 1970ರ ದಶಕದಲ್ಲಿ, ಬೋಯಿಂಗ್ ವೈ.ಸಿ.-14 ಮತ್ತು ಸೋವಿಯತ್ ಒಕ್ಕೂಟದ ಆನ್-72 ವಿಮಾನಗಳು ಎಂಜಿನನ್ನು ರೆಕ್ಕೆಯ ಮೇಲೆ ಇಟ್ಟುಕೊಂಡು ಇದೇ ಗುಣದಿಂದ ಚಿಕ್ಕ ರನ್‌ವೇಯಲ್ಲಿ ಏರಿದವು.

ಇಷ್ಟಕ್ಕೇ ನಿಂತಿದ್ದರೆ ಕಥೆ ಚೆನ್ನಾಗಿರ್ತಿತ್ತು. 1950ರ ದಶಕದಲ್ಲಿ, ವಯಸ್ಸಾದ ಕೊಆಂಡಾ ಹೊಸದೊಂದು ಕಥೆ ಹೇಳೋಕೆ ಶುರು ಮಾಡಿದರು: 1910ರ ಡಿಸೆಂಬರಿನಲ್ಲಿ ತಮ್ಮ ವಿಮಾನ ಹಾರಿತ್ತು, ಕಂಪ್ರೆಸರಿನ ಗಾಳಿಗೆ ಇಂಧನ ಸೇರಿಸಿ ಉರಿಸಿದ್ದರು, ಆದ್ದರಿಂದ ಜಗತ್ತಿನ ಮೊದಲ ಜೆಟ್ ತಮ್ಮದು ಅಂತ. ವಿಮಾನ ಇತಿಹಾಸಕಾರ ಚಾರ್ಲ್ಸ್ ಗಿಬ್ಸ್-ಸ್ಮಿತ್ ಹಳೇ ದಾಖಲೆಗಳನ್ನು ಕೆದಕಿದರು. ಆ ಹಾರಾಟದ ವರದಿ ಆ ಕಾಲದ್ದು ಒಂದೂ ಸಿಗಲಿಲ್ಲ. ಜೆಟ್ ಎಂಜಿನ್‌ನಿಂದ ಮೊದಲು ಹಾರಿದ ವಿಮಾನ ಅಂತ ಬಹುತೇಕರು ಒಪ್ಪೋದು 1939ರ ಆಗಸ್ಟ್ 27ರಂದು ಜರ್ಮನಿಯಲ್ಲಿ ಹಾರಿದ ಹೈಂಕೆಲ್ ಹೆಚ್.ಇ. 178 ಅನ್ನೇ.

1969ರಲ್ಲಿ ಕೊಆಂಡಾ ತಾಯ್ನಾಡಿಗೆ ವಾಪಸಾದರು. 1972ರ ನವೆಂಬರ್ 25ರಂದು ಹುಟ್ಟಿದ ಊರಲ್ಲೇ ಕಣ್ಣು ಮುಚ್ಚಿದರು. ಈಗ ಬುಕಾರೆಸ್ಟ್‌ನ ದೊಡ್ಡ ಏರ್‌ಪೋರ್ಟಿಗೆ ಅವರದೇ ಹೆಸರು.

ನಮಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಬೇಜಾರಾಯ್ತು. 24ರಲ್ಲಿ ಪ್ರೊಪೆಲ್ಲರ್ ಬಿಟ್ಟು ಯೋಚಿಸಿದ್ದೇ ಸಾಕಷ್ಟು ದೊಡ್ಡದು. ನಲ್ಲಿ ನೀರಿನಲ್ಲಿ ಯಾರು ಬೇಕಾದರೂ ನೋಡಬಹುದಾದ ಎಫೆಕ್ಟಿಗೆ ಯಾರ ಸಾಕ್ಷಿಯೂ ಬೇಕಿಲ್ಲ. ಯಾರೂ ನೋಡದ ಹಾರಾಟ ಅದಕ್ಕೆ ಏನನ್ನೂ ಸೇರಿಸಲಿಲ್ಲ, ಅನುಮಾನವನ್ನು ಮಾತ್ರ ಸೇರಿಸಿತು.

ಅದೇ ಸೂತ್ರವನ್ನ ನಮ್ಮ ಫ್ಯಾನುಗಳಿಗೂ ಹಾಕಿದ್ವಿ. 120 ಮಿ.ಮೀ. ಫ್ಯಾನ್, ನಡುವಿನ ಹಬ್ ಬಿಟ್ಟು, 5 ಕಿಲೋವ್ಯಾಟ್ ಕೊಟ್ಟರೆ ನಷ್ಟವೇ ಇಲ್ಲದಿದ್ದರೂ ಸುಮಾರು 11 ಕೆ.ಜಿ. ಮೋಟಾರು, ಬ್ಲೇಡು, ಡಕ್ಟಿನ ನಷ್ಟ ಕಳೆದರೆ 8-9 ಸಿಕ್ಕರೆ ಪುಣ್ಯ. ಅಷ್ಟೇ ಪವರಿಗೆ 13 ಕೆ.ಜಿ. ಅಂತ ಬರೆದಿದ್ದ ಪೆಟ್ಟಿಗೆಯನ್ನು ಪಟ್ಟಿಯಿಂದ ತೆಗೆದ್ವಿ. ಇನ್ನೊಂದು ಮಾತು: ಗಾಳಿ ಒಳಗೆ ಹೋಗುವ ಬಾಯಿಯ ಅಂಚು ದುಂಡಗಿರಲಿ. ಚೂಪಾಗಿದ್ದರೆ ಗಾಳಿ ಅಂಚು ಬಿಟ್ಟು ಸುಳಿಯಾಗಿ, ಎಷ್ಟೇ ದುಡ್ಡಿನ ಫ್ಯಾನಾದರೂ ಉಸಿರು ಕಟ್ಟುತ್ತೆ. ಶುದ್ಧ ಅರ್ಥದಲ್ಲಿ ಇದು ಕೊಆಂಡಾ ಎಫೆಕ್ಟ್ ಅಲ್ಲ, ಆದರೆ ಬಾಗಿದ ಮೈ ಬಿಟ್ಟು ಗಾಳಿ ಹೋಗಬಾರದು ಅನ್ನೋ ಪಾಠ ಒಂದೇ.

ಫ್ಯಾನ್ ಬಂದ ದಿನ ನಾವು ಅದನ್ನ ಮೊದಲು ತಕ್ಕಡಿಗೆ ಕಟ್ಟಿದ್ವಿ. 8.4 ಕೆ.ಜಿ. ತೋರಿಸಿತು. ಲಾಗ್‌ಬುಕ್‌ನಲ್ಲಿ ಅಷ್ಟೇ ಬರೆದ್ವಿ.