ಕಿರುಪುಷ್ಪದ ತಾಯಿ

ಬಾಲಯೇಸುವಿನ ಸಂತ ತೆರೇಸಮ್ಮನವರನ್ನು ಅರಿಯದ ಕಥೋಲಿಕ ಮನೆ ನಮ್ಮಲ್ಲಿ ವಿರಳ. ಅವರನ್ನು ಹೆತ್ತ ಜೆಲಿ ಮಾರ್ಟಿನರನ್ನು ನಾವು ನೆನೆಯುವುದು ಕಡಿಮೆ. 1831ರಲ್ಲಿ ಫ್ರಾನ್ಸ್ ದೇಶದಲ್ಲಿ ಜನಿಸಿದ ಈಕೆ ಕನ್ಯಾಮಠ ಸೇರಬಯಸಿದರು, ಪ್ರವೇಶ ದೊರೆಯಲಿಲ್ಲ. ಅಲಾನ್ಸೋನ್ ಪಟ್ಟಣದಲ್ಲಿ ಲೇಸ್ ಹೆಣೆಯುವ ಉದ್ಯೋಗ ಕೈಗೊಂಡು, 1858ರಲ್ಲಿ ಗಡಿಯಾರ ತಯಾರಕ ಲೂಯಿಯವರ ಕೈಹಿಡಿದರು.

ಹೆತ್ತದ್ದು ಒಂಬತ್ತು ಮಕ್ಕಳನ್ನು. 1867ರಿಂದ 1870ರೊಳಗೆ ನಾಲ್ವರನ್ನು ಮಣ್ಣಿಗೊಪ್ಪಿಸಬೇಕಾಯಿತು. ಆದರೂ ದಂಪತಿಗಳು ನಸುಕಿನ ಬಲಿಪೂಜೆಯನ್ನು ಬಿಡಲಿಲ್ಲ. ಜೆಲಿಯವರು ಬಂಧುಗಳಿಗೆ ಬರೆದ ಇನ್ನೂರಕ್ಕೂ ಹೆಚ್ಚು ಕಾಗದಗಳು ಉಳಿದಿವೆ. ಅವುಗಳಲ್ಲಿ ಮಕ್ಕಳ ಜ್ವರ, ಹಟ, ಉಡುಪು, ಲೇಸಿನ ಬೇಡಿಕೆ ಇವೇ ಹೆಚ್ಚು. ದೇವರಿಗೆ ಸಲ್ಲಿಸುವ ಕೃತಜ್ಞತೆಯೂ ಅವುಗಳ ನಡುವೆಯೇ ಬರುತ್ತದೆ. ಆಯಾಸವನ್ನೂ ಅವರು ಮುಚ್ಚಿಡಲಿಲ್ಲ. ನಮ್ಮ ತಾಯಂದಿರಿಗೆ ಅವರು ಹತ್ತಿರವಾಗುವುದು ಇದರಿಂದಲೇ ಎಂದು ನಮ್ಮ ಎಣಿಕೆ.

1873ರಲ್ಲಿ ಕಡೆಯ ಕೂಸು ತೆರೇಸಾ ಸಾಯುವಂತಾದಾಗ ಜೆಲಿ ಬೆಳಕು ಹರಿಯುತ್ತಲೇ ಸೆಮಾಲೆ ಹಳ್ಳಿಗೆ ನಡೆದು ಹೋಗಿ, ಹಾಲೂಡಿಸಲು ರೈತಮಹಿಳೆಯೊಬ್ಬಳನ್ನು ಕರೆತಂದರು. ಕೂಸು ಉಳಿಯಿತು.

1877ರ ಜೂನಿನಲ್ಲಿ, ಸ್ತನದ ಅರ್ಬುದರೋಗದಿಂದ ನರಳುತ್ತಲೇ, ಹಿರಿಯ ಹೆಣ್ಣುಮಕ್ಕಳೊಡನೆ ಲೂರ್ದುಮಾತೆಯ ಸನ್ನಿಧಿಗೆ ಯಾತ್ರೆ ಹೋದರು. ಗುಣವಾಗಲಿಲ್ಲ. ಆಗಸ್ಟ್ 28ರಂದು ದೈವಾಧೀನರಾದಾಗ ಅವರಿಗೆ 45 ವರ್ಷ, ತೆರೇಸಾಗೆ ನಾಲ್ಕು. ತಾಯಿಗೆ ತೆರೆಯದ ಮಠದ ಬಾಗಿಲು ಮುಂದೆ ಐವರು ಹೆಣ್ಣುಮಕ್ಕಳಿಗೂ ತೆರೆಯಿತು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸರು ಜೆಲಿ, ಲೂಯಿ ಇಬ್ಬರನ್ನೂ ಒಟ್ಟಿಗೆ ಸಂತರೆಂದು ಘೋಷಿಸಿದರು.