ಸೆಂಡಾ ಬೆರೆನ್ಸನ್

ಬಾಲಿಕೆಯರ ಬಾಸ್ಕೆಟ್ ಬಾಲ್ ಆಟಕ್ಕೆ ನಿಯಮಗಳನ್ನು ರಚಿಸಿಕೊಟ್ಟ ಸೆಂಡಾ ಬೆರೆನ್ಸನ್ ಎಂಬಾಕೆಯು 1868ನೆಯ ಇಸವಿಯಲ್ಲಿ ಲಿಥುವೇನಿಯದ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದಳು. 1875ರಲ್ಲಿ ಅಮೇರಿಕದ ಬಾಸ್ಟನ್ ನಗರಕ್ಕೆ ಬಂದಳು. ಆಕೆಯದು ಬಾಲ್ಯದಿಂದಲೂ ದುರ್ಬಲ ಶರೀರ. ಪಿಯಾನೋ ಕಲಿಯಬೇಕೆಂಬ ಆಸೆಯಿದ್ದರೂ ಬೆನ್ನಿನ ಬಲಹೀನತೆಯಿಂದ ಅದು ಕೈಗೂಡಲಿಲ್ಲ. ಆರೋಗ್ಯವು ಸುಧಾರಿಸಲೆಂದು 1890ರಲ್ಲಿ ಅಂಗಸಾಧನೆಯ ನಾರ್ಮಲ್ ಶಾಲೆಯನ್ನು ಸೇರಿದಳು. ಮೊದಮೊದಲು ಐದು ನಿಮಿಷ ನೆಟ್ಟಗೆ ನಿಲ್ಲುವುದೂ ಪ್ರಯಾಸವಾಗಿತ್ತು. ಕ್ರಮವಾದ ಸಾಧನೆಯಿಂದ ಮೆಲ್ಲಮೆಲ್ಲನೆ ಬಲವು ಬಂದಿತು.

1892ರ ಜನವರಿಯಲ್ಲಿ ಆಕೆಯು ನಾರ್ತಾಂಪ್ಟನ್ನಿನ ಸ್ಮಿತ್ ಕಾಲೇಜಿನಲ್ಲಿ ಅಂಗಸಾಧನೆಯ ಉಪಾಧ್ಯಾಯಿನಿಯಾದಳು. ಶ್ರಮದ ಆಟಗಳು ಸ್ತ್ರೀಯರಿಗೆ ಸಲ್ಲವೆಂದು ಅನೇಕರು ನಂಬಿದ್ದ ಕಾಲವದು. ಜೇಮ್ಸ್ ನೈಸ್ಮಿತ್ ಎಂಬವರು 1891ರಲ್ಲಿ ಸಮೀಪದ ಸ್ಪ್ರಿಂಗ್‌ಫೀಲ್ಡಿನಲ್ಲಿ ತರುಣರಿಗಾಗಿ ಕಲ್ಪಿಸಿದ ಬಾಸ್ಕೆಟ್ ಬಾಲನ್ನು ಆಕೆಯು ತನ್ನ ವಿದ್ಯಾರ್ಥಿನಿಯರಿಗೆ ಕಲಿಸಿದಳು. 1893ರ ಮಾರ್ಚ್ 22ರಂದು ಮೊದಲನೆಯ ಮತ್ತು ಎರಡನೆಯ ವರ್ಷದ ತರಗತಿಗಳಿಗೆ ಪಂದ್ಯ ನಡೆಯಿತು. ಪುರುಷ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಚೆಂಡನ್ನು ಮೇಲಕ್ಕೆಸೆದ ಕ್ಷಣವೇ ಒಬ್ಬಳ ಭುಜದ ಕೀಲು ತಪ್ಪಿತು. ಆದರೂ ಆಟವು ಮುಂದುವರಿಯಿತು.

ಸೆಂಡಾ ಆಟವನ್ನು ಕೈಬಿಡದೆ ಅದರ ಒರಟುತನವನ್ನು ತಗ್ಗಿಸಿದಳು. ಅಂಗಳವನ್ನು ಮೂರು ಭಾಗ ಮಾಡಿ, ಎದುರಾಳಿಯ ಕೈಯಿಂದ ಚೆಂಡನ್ನು ಕಸಿಯಬಾರದೆಂದೂ, ಮೂರು ಸೆಕೆಂಡುಗಳಿಗಿಂತ ಹೆಚ್ಚು ಹಿಡಿದಿರಬಾರದೆಂದೂ ಗೊತ್ತುಪಡಿಸಿದಳು. ಆಕೆಯ ಸಂಪಾದಕತ್ವದಲ್ಲಿ 1901ರಲ್ಲಿ ನಿಯಮಗಳ ಪುಸ್ತಕವು ಅಚ್ಚಾಯಿತು.

ಆಕೆಯು 1954ರಲ್ಲಿ ತೀರಿಕೊಂಡಳು. 1985ರಲ್ಲಿ ನೈಸ್ಮಿತರ ಹೆಸರಿನ ಕೀರ್ತಿಮಂದಿರದಲ್ಲಿ ಆಕೆಗೆ ಸ್ಥಾನವು ದೊರೆಯಿತು. ಆಕೆ ಎಳೆಸಿದ ಗೆರೆಗಳು ಕಾಲಕ್ರಮದಲ್ಲಿ ಅಳಿದುಹೋಗಿ, ಈಗ ಬಾಲಿಕೆಯರು ಅಂಗಳದ ತುಂಬ ಓಡುತ್ತಾರೆ. ಮಗಳು ದುರ್ಬಲೆ, ಆಟವು ಬೇಡವೆನ್ನುವ ತಾಯಿತಂದೆಗಳು ಐದು ನಿಮಿಷ ನಿಲ್ಲಲಾರದಿದ್ದ ಈ ಕನ್ಯೆಯನ್ನು ನೆನೆಯುವುದು ಒಳ್ಳೆಯದು.